ಪೀಪಾಯಿಯ ತವರೂರಿನಲ್ಲಿ ಒಂದು ದಿನ

ಪೋರ್ಟೊ ನಗರದ ಸಾವ್ ಬೆಂಟೊ ರೈಲು ನಿಲ್ದಾಣದ ಗೋಡೆಗಳಲ್ಲಿ ಸುಮಾರು 20,000 ಟೈಲ್ಸ್‌ಗಳ ಮೇಲೆ ಪೋರ್ಚುಗಲ್ಲಿನ ಇತಿಹಾಸವನ್ನು ನೀಲಿಯಲ್ಲಿ ಬರೆದಿದ್ದಾರೆ. ಅದನ್ನು ನೋಡುತ್ತ ನಿಂತ ನಾವು ಡೌರೊ ಕಣಿವೆಯ ದ್ರಾಕ್ಷಿ ತೋಟಗಳಿಗೆ ಹೋಗುವ ರೈಲನ್ನು ತಪ್ಪಿಸಿಕೊಂಡೆವು. ಮುಂದಿನ ರೈಲಿಗೆ ಬಹಳ ಹೊತ್ತಿತ್ತು. "ಅಲ್ಲಿ ಮಾಡಿದ ಪೋರ್ಟ್ ವೈನು ಹೇಗೂ ಇಲ್ಲಿಗೇ ಬರುತ್ತದಲ್ಲ, ಹೊಳೆ ದಾಟಿದರೆ ಸಾಕು" ಎಂದರು ನಮ್ಮವರು. ಯಾವುದನ್ನೂ ಮುಂಗಡ ಕಾದಿರಿಸಿರಲಿಲ್ಲ. ಆದರೂ ಹೊರಟೆವು.

1886ರಲ್ಲಿ ಕಟ್ಟಿದ ದೊಮ್ ಲೂಯಿಶ್ ಸೇತುವೆಗೆ ಎರಡು ಅಂತಸ್ತುಗಳಿವೆ. ಮೇಲಿನದರಲ್ಲಿ ಮೆಟ್ರೊ ರೈಲಿನ ಪಕ್ಕದಲ್ಲೇ ನಡೆದು ಹೋಗಬಹುದು. ಆಚೆ ದಡವೇ ವಿಲಾ ನೋವಾ ದೆ ಗಾಯಾ. ಇಳಿಜಾರಿನ ಉದ್ದಕ್ಕೂ ಕೆಂಪು ಹೆಂಚಿನ ಉಗ್ರಾಣಗಳು, ಅವುಗಳ ಮೇಲೆ ಕಂಪನಿಗಳ ಹೆಸರು ದೊಡ್ಡ ಅಕ್ಷರಗಳಲ್ಲಿ. ಕಣಿವೆಯ ಬಿಸಿಲಿಗಿಂತ ಸಮುದ್ರಕ್ಕೆ ಹತ್ತಿರವಿರುವ ಇಲ್ಲಿನ ತಂಪು, ತೇವದ ಗಾಳಿ ವೈನ್ ಮಾಗಲು ಒಳ್ಳೆಯದು. ಅದಕ್ಕಾಗಿಯೇ ಹಿಂದೆ ರಬೆಲೊ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಅದನ್ನು ಇಲ್ಲಿಗೆ ತರುತ್ತಿದ್ದರು.

ಬೆಳಗಾವಿಯಲ್ಲಿ ಬೆಳೆದ ನನಗೆ ಪೋರ್ಟ್ ಎಂದರೆ ಗೋವಾದಿಂದ ಬರುವ ಅಗ್ಗದ ಸಿಹಿ ವೈನು. ಸೋದರಮಾವ ತಂದಿಡುತ್ತಿದ್ದ ಬಾಟಲಿಯಿಂದ ಅಜ್ಜಿ ಚಳಿಗಾಲದಲ್ಲಿ ಔಷಧವೆಂದು ಒಂದು ಚಮಚ ಕುಡಿಯುತ್ತಿದ್ದರು. ಯುರೋಪಿನ ಕಾನೂನಿನಲ್ಲಿ ಆ ಹೆಸರು ಡೌರೊ ಕಣಿವೆಯ ವೈನಿಗೆ ಮಾತ್ರ ಸಲ್ಲುತ್ತದೆ ಎಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಮೊದಲು ಹೊಕ್ಕದ್ದು ಫೆರೈರಾ. 1751ರ ಮನೆತನ. ಇಲ್ಲಿನ ಎಷ್ಟೋ ಹೆಸರುಗಳು ಇಂಗ್ಲಿಷರವು, ಇದು ಪೋರ್ಚುಗೀಸರದ್ದು. ಇಂಗ್ಲಿಷ್ ವಿವರಣೆಯ ಮುಂದಿನ ಸುತ್ತಿಗೆ ಇಬ್ಬರಿಗೆ ಜಾಗವಿತ್ತು. ಒಳಗೆ ಕತ್ತಲು, ತಂಪು, ಒದ್ದೆ ಮರದ ವಾಸನೆ. ವಿವರಿಸುತ್ತಿದ್ದ ಹುಡುಗಿ ಸಾಲಾಗಿ ಮಲಗಿಸಿದ್ದ ಮರದ ಪೀಪಾಯಿಯೊಂದನ್ನು ತಟ್ಟಿ "ಪೀಪಾ" ಎಂದಳು. ನಾನು ನಮ್ಮವರ ಕೈ ಹಿಡಿದುಕೊಂಡೆ. ನಮ್ಮ ಹಿತ್ತಿಲಲ್ಲಿ ನೀರು ತುಂಬಿಡುತ್ತಿದ್ದ ಪೀಪಾಯಿಯ ಹೆಸರು ಪೋರ್ಚುಗೀಸರಿಂದ ಬಂದದ್ದೆಂದು ಓದಿದ್ದೆ. ಆದರೆ ಅದರ ಮೂಲ ಪದವನ್ನು ಮೂಲ ವಸ್ತುವಿನ ಮುಂದೆ ನಿಂತು ಕೇಳಿದ ಆ ಸಂತೋಷವೇ ಬೇರೆ. ಈ ವ್ಯಾಪಾರದಲ್ಲಿ ಪೀಪಾ ಒಂದು ಅಳತೆಯೂ ಹೌದು. ಕಣಿವೆಯ ಲೆಕ್ಕದಲ್ಲಿ 550 ಲೀಟರ್.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಹುದುಗುವಿಕೆಯ ಪಾಠಕ್ಕೆ ದೋಸೆ ಹಿಟ್ಟಿನ ಉದಾಹರಣೆಯನ್ನೇ ಕೊಡುತ್ತಿದ್ದೆ. ಪೋರ್ಟ್‌ನಲ್ಲಿ ಹುದುಗನ್ನು ನಡುವೆಯೇ ತಡೆಯುತ್ತಾರೆ. ರಸ ಹುದುಗಿ ಎರಡು ಮೂರು ದಿನ ಕಳೆದು, ಸುಮಾರು ಅರ್ಧ ಸಕ್ಕರೆ ಉಳಿದಿರುವಾಗಲೇ ಶೇ. 77ರಷ್ಟು ಮದ್ಯಸಾರವಿರುವ ದ್ರಾಕ್ಷಿಯ ಸ್ಪಿರಿಟ್ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ. ಹಾಗಾಗಿ ಇದು ಶೇ. 20ರ ಆಸುಪಾಸಿನ ಬಲವಾದ ಪಾನೀಯ. ಗಟಗಟನೆ ಕುಡಿಯುವಂಥದ್ದಲ್ಲ.

ಅಲ್ಲಿ ಕೇಳಿದ ದೋನಾ ಅಂತೋನಿಯಾ ಫೆರೈರಾ ಅವರ ಕಥೆಯನ್ನು ನಾನು ಮರೆಯಲಾರೆ. ಮೂವತ್ತರ ಹರೆಯದಲ್ಲೇ ವಿಧವೆಯಾದ ಈಕೆ ತೋಟಗಳನ್ನು ತಾವೇ ನಡೆಸಿ ಬೆಳೆಸಿದರು. 1861ರಲ್ಲಿ ಡೌರೊ ನದಿಯಲ್ಲಿ ದೋಣಿ ಮಗುಚಿದಾಗ ಜತೆಗಿದ್ದ ಪೋರ್ಟ್ ವ್ಯಾಪಾರಿ ಬ್ಯಾರನ್ ಫಾರೆಸ್ಟರ್ ಮುಳುಗಿದರು, ಈಕೆ ಬದುಕಿದರು. ಅಗಲವಾದ ಲಂಗವೇ ಅವರನ್ನು ತೇಲಿಸಿತು ಎಂದು ಹೇಳುತ್ತಾರೆ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ಹೊಲ ನೋಡಿಕೊಂಡ ನನ್ನ ಅಜ್ಜಿ ಆಗ ನೆನಪಾದರು.

ಎರಡನೆಯ ಉಗ್ರಾಣದ ಹೆಸರು ಬೇಡ. ಹೊಳೆದಂಡೆಯಲ್ಲಿ ಕೂಗಿ ಕರೆದರೆಂದು ಹೋದೆವು. ಮೂರು ಲೋಟ ಒಮ್ಮೆಗೇ ಮುಂದಿಟ್ಟು, ಯಾವುದು ಯಾವುದೆಂದೂ ಹೇಳದೆ, ಹತ್ತು ನಿಮಿಷದಲ್ಲಿ ಮಳಿಗೆಯತ್ತ ದಾಟಿಸಿದರು. ತಣ್ಣಗೆ ಕೊಡಬೇಕಾದ ಬಿಳಿಯ ಪೋರ್ಟ್ ಬೆಚ್ಚಗಿತ್ತು. ಅಷ್ಟು ವರ್ಷ ಕಾದು ಮಾಗಿಸಿದ್ದನ್ನು ಹೀಗೆ ಬಡಿಸುವುದು ತಪ್ಪು.

ಊಟದ ನಂತರ ಗುಡ್ಡ ಹತ್ತಿ ಟೇಲರ್ಸ್ ಉಗ್ರಾಣ ತಲುಪಿದೆವು. ಏರು ಕಡಿದಾಗಿದೆ, ಕಲ್ಲು ಹಾಸಿನ ದಾರಿ. ಮಂಡಿ ನೋವಿದ್ದವರು ಟ್ಯಾಕ್ಸಿ ಹಿಡಿಯಲಿ. ಇಲ್ಲಿ ಕಿವಿಗೆ ಆಡಿಯೊ ಸಾಧನ ಕೊಟ್ಟು ನಮ್ಮಷ್ಟಕ್ಕೆ ಬಿಡುತ್ತಾರೆ. ಬೇಕಾದ ಕಡೆ ನಿಲ್ಲಬಹುದು, ಎರಡನೇ ಸಲ ಕೇಳಬಹುದು. ಪಾಠ ಕಲಿಸುವ ಈ ಕ್ರಮ ನನಗೆ ಬಹಳ ಹಿಡಿಸಿತು. ರೂಬಿ, ಟಾನಿ ಎಂದರೆ ಪೋರ್ಟ್‌ನ ಎರಡು ಬಗೆಗಳು. ದೊಡ್ಡ ತೊಟ್ಟಿಯಲ್ಲಿಟ್ಟ ರೂಬಿಗೆ ಗಾಳಿ ಕಡಿಮೆ ತಗಲುತ್ತದೆ, ಆದ್ದರಿಂದ ಕೆಂಪು ಉಳಿಯುತ್ತದೆ. ಸಣ್ಣ ಪೀಪಾಯಿಯ ಟಾನಿ ಮರದ ಮೂಲಕ ಉಸಿರಾಡುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ಇಪ್ಪತ್ತು ವರ್ಷದ ಟಾನಿಯನ್ನು ಹೆಚ್ಚಿನ ಹಣ ಕೊಟ್ಟು ತೋಟದಲ್ಲಿ ಕುಳಿತು ಕುಡಿದೆವು. ಮೂಗಿನ ಹತ್ತಿರ ತಂದಾಗಲೇ ಕುಂದಾ ನೆನಪಾಯಿತು. ಹಾಲು ಬತ್ತಿ, ಸಕ್ಕರೆ ಕಂದಾಗಿ, ಕಡಾಯಿಯ ತಳ ಕೆರೆಯುವ ಹೊತ್ತಿಗೆ ಬರುತ್ತದಲ್ಲ, ಅದೇ ಪರಿಮಳ. ಹಿಂದೆಯೇ ಅಂಜೂರ, ಹುರಿದ ಬಾದಾಮಿ. ಒಂದು ಲೋಟಕ್ಕೆ ನಾವು ಮುಕ್ಕಾಲು ಗಂಟೆ ತೆಗೆದುಕೊಂಡೆವು. ಯಾರೂ ಎಬ್ಬಿಸಲಿಲ್ಲ.

ಹೋಗುವವರಿಗೆ ನಾನು ಹೇಳುವುದಿಷ್ಟು. ದಿನಕ್ಕೆ ಎರಡೇ ಉಗ್ರಾಣ ಸಾಕು, ಮೂರನೆಯದರ ಹೊತ್ತಿಗೆ ನಾಲಿಗೆ ಏನನ್ನೂ ಗುರುತಿಸುವುದಿಲ್ಲ. ಸಸ್ಯಾಹಾರಿಗಳಿಗೆ ಚೀಸ್, ಬ್ರೆಡ್, ಆಲಿವ್ ಸಿಗುತ್ತವೆ. ಹೊಟ್ಟೆ ಖಾಲಿ ಇಟ್ಟುಕೊಂಡು ಮಾತ್ರ ಕೂರಬೇಡಿ. ಕೊಳ್ಳುವುದಾದರೆ ಟಾನಿಯನ್ನೇ ಕೊಳ್ಳಿ, ಮುಚ್ಚಳ ತೆಗೆದ ಮೇಲೂ ಕೆಲವು ವಾರ ಕೆಡುವುದಿಲ್ಲ. ಒಂದೇ ವರ್ಷದ ಬೆಳೆಯಿಂದ ಮಾಡಿ ಬಾಟಲಿಯಲ್ಲೇ ಮಾಗಿಸುವ ವಿಂಟೇಜ್ ಹಾಗಲ್ಲ, ಎರಡು ಮೂರು ದಿನಗಳೊಳಗೆ ಮುಗಿಸಬೇಕು.

ನಾವು ಇಪ್ಪತ್ತು ವರ್ಷದ್ದರ ಒಂದು ಬಾಟಲಿಯನ್ನು ಸೀರೆಯಲ್ಲಿ ಸುತ್ತಿ ಊರಿಗೆ ತಂದೆವು. ಸೋದರಮಾವನಿಗೆ ಈಗ ಎಂಬತ್ತೊಂದು. ಮೇಜಿನ ಮೇಲೆ ಕುಂದಾ ಇಟ್ಟು, ಪುಟ್ಟ ಲೋಟದಲ್ಲಿ ಸುರಿದುಕೊಟ್ಟೆ. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿಕೊಂಡು, ಲೋಟವನ್ನು ಮತ್ತೆ ನನ್ನತ್ತ ಚಾಚಿದರು.