ಕೊಳವೆ ಅನಿಲ: ಉರಿ ಉತ್ತಮ, ಕಾಮಗಾರಿ ಅಧಮ

ಕಲಬುರಗಿಯ ನಮ್ಮ ಮನೆಗೆ ಬಂದ ಕೊಳವೆ ಅನಿಲದ ಉರಿಯ ಬಗ್ಗೆ ದೂರಿಲ್ಲ. ಜೋಳದ ರೊಟ್ಟಿ ಹಂಚಿನ ಮೇಲೆ ಚೆನ್ನಾಗಿ ಉಬ್ಬುತ್ತದೆ, ನಡುವೆ 14.2 ಕಿಲೋ ಸಿಲಿಂಡರ್ ಖಾಲಿಯಾಗುವ ಕಿರಿಕಿರಿಯೂ ತಪ್ಪಿದೆ. ಬಹುಪಾಲು ಮೀಥೇನ್ ಆಗಿರುವ ಈ ಅನಿಲ ಗಾಳಿಗಿಂತ ಹಗುರವಾದ್ದರಿಂದ, ಸೋರಿದರೆ ಎಲ್‌ಪಿಜಿಯಂತೆ ನೆಲಮಟ್ಟದಲ್ಲಿ ನಿಲ್ಲದೆ ಮೇಲಕ್ಕೇರುತ್ತದೆ; ಆದಕಾರಣ ಅಡುಗೆಮನೆಯ ಮೇಲಿನ ಗಾಳಿಕಿಂಡಿಯನ್ನು ಮುಚ್ಚಬಾರದೆಂದು ಜೋಡಣೆಗೆ ಬಂದವರು ವಿವರಿಸಿದ್ದು ಮೆಚ್ಚತಕ್ಕದ್ದು. ಅಮೆರಿಕದಲ್ಲಿ ಮೈನಸ್ 162 ಡಿಗ್ರಿಯವರೆಗೆ ತಣಿಸಿ ದ್ರವವಾಗಿಸಿದ ಇದೇ ಬಗೆಯ ಅನಿಲವನ್ನು ಕೇಂದ್ರ ಸರ್ಕಾರಿ ಸ್ವಾಮ್ಯದ ಗೇಲ್ ಸಂಸ್ಥೆ 2018ರಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತಿದೆ. ಅಲ್ಲಿನ ಶೇಲ್ ಎಂಬ ಪದರಗಲ್ಲಿನ ಬಂಡೆಗಳ ಅನಿಲವೂ ಹೀಗೆ ಸಾಗರ ದಾಟುವಾಗ, ಓಣಿಯೊಳಗಿನ ಕೆಲಸ ಇಷ್ಟು ಒರಟಾಗಿರಬೇಕೇ? ಅಗೆಯುವಾಗ ಸೀಳಿದ ಶಹಾಬಾದ್ ಕಲ್ಲುಗಳನ್ನು ಗುತ್ತಿಗೆದಾರರು ಮರಳಿ ಹಾಸಲಿಲ್ಲ. ಮಳೆಗೆ ಎರೆಮಣ್ಣು ಕುಸಿದು ಬಾಗಿಲ ಮುಂದೆ ತಗ್ಗು ಬಿದ್ದಿದೆ. ಮುಂದಿನ ಬಡಾವಣೆಗಳ ಯೋಜನೆಯಲ್ಲಿ ರಸ್ತೆ ದುರಸ್ತಿಯಾಗುವವರೆಗೆ ಗುತ್ತಿಗೆದಾರರಿಗೆ ಪೂರ್ಣ ಹಣ ಪಾವತಿಸಬಾರದು.