ಟೈಪ್ ಮಾಡುವಾಗಲೇ ಜೋಡಿಸಬೇಕಾ, ಮುಗಿದ ಮೇಲಾ? ಒಂದು ಫೀಲ್ಡ್, ನಾಲ್ಕು ದಾರಿ

ವೆಬ್ ಫಾರ್ಮ್‌ನಲ್ಲಿ ಕಾರ್ಡ್ ನಂಬರ್ ತುಂಬುವ ಒಂದು ಫೀಲ್ಡ್. ನಾಲ್ಕು ಅಂಕಿಗೊಮ್ಮೆ ತಾನಾಗಿಯೇ ಸ್ಪೇಸ್ ಬೀಳಬೇಕು, ಕೆಲಸ ಇಷ್ಟೇ. ಇದನ್ನು ನಾಲ್ಕು ರೀತಿಯಲ್ಲಿ ಮಾಡಿ, ಲ್ಯಾಪ್‌ಟಾಪ್‌ನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಬಳಸಿ ನೋಡಿದೆ. ಒಂದೂ ತಪ್ಪಿಲ್ಲದೆ ಮೊದಲಿಂದ ಕೊನೆವರೆಗೆ ಟೈಪ್ ಮಾಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಡುವಿನ ಅಂಕಿ ತಿದ್ದಬೇಕು, ಬೇರೆ ಕಡೆಯಿಂದ ಪೇಸ್ಟ್ ಮಾಡಬೇಕು, ಬ್ರೌಸರ್‌ನ ಆಟೋಫಿಲ್ ಒತ್ತಬೇಕು. ಆಗಲೇ ಬಣ್ಣ ಬಯಲಾಗುವುದು.

ಮೊದಲನೆಯದು ಹಳೇ ಪದ್ಧತಿ: ಕೀಡೌನ್ ಈವೆಂಟ್‌ನಲ್ಲಿ (ಕೀಲಿ ಒತ್ತಿದಾಗ ಬ್ರೌಸರ್ ನಮ್ಮ ಕೋಡ್‌ಗೆ ಕೊಡುವ ಸೂಚನೆಯಲ್ಲಿ) ಒತ್ತಿದ ಕೀಲಿ ಯಾವುದೆಂದು ನೋಡಿ, ಬೇಡದ್ದನ್ನು ತಡೆಯುವುದು. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಹೆಚ್ಚಿನ ಕೀಲಿಗಳಿಗೆ 229 ಎಂಬ ಒಂದೇ ಕೋಡ್ ಬರುತ್ತದೆ. 5 ಒತ್ತಿದರೋ 8 ಒತ್ತಿದರೋ ತಿಳಿಯುವುದೇ ಇಲ್ಲ. ಮೌಸ್‌ನಿಂದ ಪೇಸ್ಟ್ ಮಾಡಿದರೆ ಕೀಡೌನ್ ಬರುವುದೂ ಇಲ್ಲ. ಈ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಇನ್‌ಪುಟ್ ಈವೆಂಟ್. ಏನೇ ಬದಲಾದರೂ ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ತೆಗೆದು, ಹೊಸದಾಗಿ ಜೋಡಿಸಿ, ಫೀಲ್ಡ್‌ಗೆ ವಾಪಸ್ ಹಾಕುವುದು. ನಾಲ್ಕೇ ಸಾಲಿನ ಕೋಡ್. ಪೇಸ್ಟೂ ಆಟೋಫಿಲ್ಲೂ ಸಲೀಸಾಗಿ ಆದವು. ತೊಂದರೆ ಇರುವುದು ಕರ್ಸರ್‌ನಲ್ಲಿ.

1234 5678 9012 3456 ಎಂದು ಬರೆಯಬೇಕಿತ್ತು, 1234 5978 9012 3456 ಎಂದು ಬರೆದೆ. ಆ 9ರ ಪಕ್ಕ ಕರ್ಸರ್ ಇಟ್ಟು ಅಳಿಸಿದೆ. ಉಳಿದ ಅಂಕಿಗಳು ಸರಿದು 1234 5789 0123 456 ಆಯಿತು. ಕರ್ಸರ್ ಮಾತ್ರ ಸದ್ದಿಲ್ಲದೆ ಕೊನೆಗೆ ಹೋಗಿ ಕೂತಿತ್ತು. ಗಮನಿಸದೆ 6 ಒತ್ತಿದೆ. ಈಗ ಫೀಲ್ಡ್‌ನಲ್ಲಿರುವುದು 1234 5789 0123 4566. ಹದಿನಾರೂ ಅಂಕಿ ಇವೆ, ನೋಡಲು ನೀಟಾಗಿದೆ, ಆದರೆ ನಂಬರ್ ತಪ್ಪು! ತುಂಬುವವರು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು ಅಲ್ವಾ? ಕೆಡಿಸಿದ್ದು ನಮ್ಮ ಕೋಡ್.

ಇದಕ್ಕೆ ಮದ್ದು ಇದೆ. ಜೋಡಿಸುವ ಮೊದಲು ಕರ್ಸರ್‌ನ ಎಡಗಡೆ ಎಷ್ಟು ಅಂಕಿ ಇವೆ ಎಂದು ಎಣಿಸಿಕೊಳ್ಳಿ. ಇಲ್ಲಿ ಐದು. ಜೋಡಿಸಿದ ಮೇಲೆ ಐದನೇ ಅಂಕಿಯ ಪಕ್ಕಕ್ಕೇ ಕರ್ಸರ್ ಇಡಿ. ಅಕ್ಷರಗಳನ್ನಲ್ಲ, ಅಂಕಿಗಳನ್ನೇ ಎಣಿಸಬೇಕು, ಯಾಕೆಂದರೆ ಸ್ಪೇಸ್‌ಗಳು ಜಾಗ ಬದಲಿಸುತ್ತಿರುತ್ತವೆ. ಇನ್ನೊಂದು ವಿಷಯ: ನಾಲ್ಕನೇ ಅಂಕಿ ಬಿದ್ದ ತಕ್ಷಣ ಸ್ಪೇಸ್ ಸೇರಿಸಬೇಡಿ, ಐದನೆಯದು ಬಂದಾಗ ಸೇರಿಸಿ. ಇಲ್ಲದಿದ್ದರೆ ಬ್ಯಾಕ್‌ಸ್ಪೇಸ್ ಆ ಸ್ಪೇಸನ್ನು ಅಳಿಸುತ್ತದೆ, ಕೋಡ್ ಮತ್ತೆ ಹಾಕುತ್ತದೆ, ಹಿಂದೆ ಹೋಗಲು ಆಗುವುದೇ ಇಲ್ಲ. ಇಷ್ಟು ಮಾಡಿದ ಮೇಲೂ ಒಂದು ಕೊರತೆ ಉಳಿಯಿತು. ಕೋಡ್‌ನಿಂದ ಫೀಲ್ಡ್ ಬದಲಿಸಿದರೆ ಬ್ರೌಸರ್‌ನ ಅಂಡೂ ಕೆಡುತ್ತದೆ. ಕಂಟ್ರೋಲ್ ಝಡ್ ಒತ್ತಿದವರಿಗೆ ಹಳೆಯದು ಸಿಗುವ ಭರವಸೆ ಇಲ್ಲ.

ಮೂರನೆಯದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಬಹಳ ಜನ ಬಳಸುತ್ತಿದ್ದ ಕ್ಲೀವ್‌ಗೆ ಈಗ ನಿರ್ವಹಣೆ ಇಲ್ಲ. ಅದನ್ನು ಬರೆದವರೇ ಕ್ಲೀವ್ ಝೆನ್ ಬಳಸಿ ಎನ್ನುತ್ತಾರೆ. ನಾನು ಕೂರಿಸಿದ್ದು ಐಮಾಸ್ಕ್. ಕರ್ಸರ್ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ, ಸ್ಪೇಸ್ ಇಲ್ಲದ ಬರೀ ಅಂಕಿಗಳನ್ನೂ ಬೇರೆಯಾಗಿ ಕೊಡುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಮಾಸ್ಕ್, ಅಂದರೆ ಅಂಕಿಗಳನ್ನು ಒಡೆಯುವ ಮಾದರಿ, ಬದಲಿಸುವ ಸೌಕರ್ಯ. ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ 34 ಅಥವಾ 37ರಿಂದ ಶುರುವಾಗುತ್ತದೆ, 15 ಅಂಕಿ, 4-6-5 ಎಂದು ಒಡೆಯಬೇಕು. ಮೊದಲ ಎರಡು ಅಂಕಿ ನೋಡಿ ಮಾಸ್ಕ್ ಬದಲಾಗುವ ಹಾಗೆ ಮಾಡಬಹುದು. ಆದರೆ ಒಂದೇ ಫೀಲ್ಡ್‌ಗಾಗಿ ಸುಮ್ನೆ ಲೈಬ್ರರಿ ಹೊರಬೇಡಿ.

ನಾಲ್ಕನೆಯದನ್ನು ನಾನು ಕಡೆಗಣಿಸಿದ್ದೆ: ಟೈಪ್ ಮಾಡುವಾಗ ಏನನ್ನೂ ಮುಟ್ಟದೆ, ಫೀಲ್ಡ್ ಬಿಟ್ಟು ಹೊರಟಾಗ ಒಮ್ಮೆ ಜೋಡಿಸುವುದು. ಕರ್ಸರ್ ಕಾಟ ಇಲ್ಲ, ಟೈಪ್ ಮಾಡುತ್ತಿರುವಷ್ಟು ಹೊತ್ತು ಅಂಡೂ ಸರಿಯಾಗಿರುತ್ತದೆ. ಇದಕ್ಕೆ ಬ್ಲರ್ (ಫೀಲ್ಡ್‌ನಿಂದ ಫೋಕಸ್ ಹೋದಾಗ ಬರುವ ಈವೆಂಟ್) ಬದಲು ಚೇಂಜ್ ಈವೆಂಟ್ ಬಳಸಿ, ಯಾಕೆಂದರೆ ಎಂಟರ್ ಒತ್ತಿ ಫಾರ್ಮ್ ಕಳಿಸಿದಾಗ ಫೋಕಸ್ ಫೀಲ್ಡ್‌ನಲ್ಲೇ ಇರುತ್ತದೆ, ಬ್ಲರ್ ಬರುವುದಿಲ್ಲ, ಚೇಂಜ್ ಬರುತ್ತದೆ.

ಈಗ ನನ್ನ ಫಾರ್ಮ್‌ಗಳಲ್ಲಿ ಮೊತ್ತಕ್ಕೂ ಫೋನ್ ನಂಬರಿಗೂ ನಾಲ್ಕನೆಯದೇ. ಮೊತ್ತಕ್ಕೆ ಬ್ರೌಸರ್‌ನಲ್ಲೇ ಇರುವ ಇಂಟಲ್ ನಂಬರ್‌ಫಾರ್ಮ್ಯಾಟ್ (Intl.NumberFormat) ಸಾಕು, ಭಾಷೆ ಹೇಳಿದರೆ ಅಲ್ಲಿನ ರೂಢಿಯಂತೆ ಅಲ್ಪವಿರಾಮ ಹಾಕುತ್ತದೆ. ಕಾರ್ಡ್ ನಂಬರಿಗೆ ಮಾತ್ರ ಎರಡನೆಯದು, ಕರ್ಸರ್ ಎಣಿಕೆಯ ಸಮೇತ. ಕೈಯಲ್ಲಿ ಹಿಡಿದ ಕಾರ್ಡಿನ ಜೊತೆ ಹೋಲಿಸಿ ನೋಡುತ್ತಾ ತುಂಬುವವರಿಗೆ ಗುಂಪುಗಳು ಆಗಲೇ ಕಾಣಬೇಕು. ದಿನಾಂಕಕ್ಕೆ ದಿನ, ತಿಂಗಳು, ವರ್ಷ ಎಂದು ಮೂರು ಬಾಕ್ಸ್.

ಯಾವುದನ್ನೇ ಆರಿಸಿದರೂ ಫೀಲ್ಡ್‌ನ ಟೈಪ್ ನಂಬರ್ ಎಂದು ಇಡಬೇಡಿ. ಅದರಲ್ಲಿ ಸ್ಪೇಸ್ ನಿಲ್ಲುವುದಿಲ್ಲ, ಕರ್ಸರ್ ಎಲ್ಲಿದೆ ಎಂದೂ ಕೇಳುವಂತಿಲ್ಲ. ಟೆಕ್ಸ್ಟ್ ಎಂದೇ ಇಟ್ಟು ಇನ್‌ಪುಟ್‌ಮೋಡ್‌ನಲ್ಲಿ ನ್ಯೂಮರಿಕ್ ಎಂದು ಕೊಟ್ಟರೆ ಫೋನಿನಲ್ಲಿ ಅಂಕಿ ಕೀಬೋರ್ಡ್ ಬರುತ್ತದೆ. ಮ್ಯಾಕ್ಸ್‌ಲೆಂತ್ (ಅಕ್ಷರಗಳ ಮಿತಿ) 16 ಎಂದು ಹಾಕುವುದೂ ಬೇಡ. ಸ್ಪೇಸ್ ಸಮೇತ ಪೇಸ್ಟ್ ಮಾಡಿದ ನಂಬರ್ 19 ಅಕ್ಷರ ಇರುತ್ತದೆ, ಕೊನೆಯ ಮೂರು ಅಂಕಿ ನಿಮ್ಮ ಕೋಡ್‌ಗೆ ತಲುಪುವ ಮೊದಲೇ ಕತ್ತರಿಸಿ ಹೋಗುತ್ತವೆ.