ಲೆಡ್, ಟಿನ್, ಕ್ಯಾಲ್ಸಿಯಂ-ಜಿಂಕ್: ಪಿವಿಸಿ ಸುಡದಿರಲು ನಾನು ಹಾಕುವುದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ಪಿವಿಸಿ ಕಾದಾಗ ಸುಟ್ಟು ಕೆಡದಂತೆ ಬೆರೆಸುವ ಸ್ಟೆಬಿಲೈಸರ್‌ಗಳಲ್ಲಿ, ನನ್ನ ಎಕ್ಸ್‌ಟ್ರೂಡರ್‌ನಲ್ಲಿ (ಪ್ಲಾಸ್ಟಿಕ್ ಕರಗಿಸಿ ಡೈ ಎಂಬ ಅಚ್ಚಿನಿಂದ ಹೊರತಳ್ಳುವ ಯಂತ್ರ) ಈಗ ಓಡುತ್ತಿರುವುದು ಕ್ಯಾಲ್ಸಿಯಂ-ಜಿಂಕ್. ಉಳಿದೆರಡನ್ನೂ ಓಡಿಸಿ ನೋಡಿಯೇ ಇದಕ್ಕೆ ಬಂದಿದ್ದೇನೆ. ನಾನು ತೆಗೆಯುವುದು ಬಿಳಿ ಪ್ರೊಫೈಲ್ (ಉದ್ದಕ್ಕೂ ಒಂದೇ ಆಕಾರದ ಪಟ್ಟಿ), ಪಾರದರ್ಶಕ ಮಾಲಲ್ಲ. ಮುಂದಿನದ್ದೆಲ್ಲ ಆ ಲೆಕ್ಕದಲ್ಲೇ ಓದಿ.

ಲೆಡ್ ಅಗ್ಗ, ಬಿಸಿ ಚೆನ್ನಾಗಿ ತಡೆಯುತ್ತದೆ, ಟೆಂಪರೇಚರ್ ಸ್ವಲ್ಪ ಹೆಚ್ಚುಕಮ್ಮಿಯಾದರೂ ತೊಂದರೆಯಿಲ್ಲ. ಆದರೆ ಅದು ವಿಷ. ಮಿಕ್ಸರ್‌ಗೆ ಸುರಿಯುವಾಗ ಏಳುವ ಧೂಳನ್ನು ಉಸಿರಾಡುವವರು ನಾವೇ ಅಲ್ವಾ? ಬಿಟ್ಟೆ.

ಟಿನ್‌ ಬಗ್ಗೆ ಕೆಲಸದ ವಿಷಯದಲ್ಲಿ ದೂರಿಲ್ಲ. 100 ಭಾಗ ರೆಸಿನ್‌ಗೆ, ಅಂದರೆ ಪಿವಿಸಿ ಪುಡಿಗೆ, 1ರಿಂದ 2 ಭಾಗ ಸಾಕು, ಮಾಲು ಗಾಜಿನಷ್ಟು ತಿಳಿಯಾಗಿ ಬರುತ್ತದೆ. ಆದರೆ ದುಬಾರಿ, ಜೊತೆಗೆ ಅದರಲ್ಲಿರುವ ಮರ್‌ಕ್ಯಾಪ್ಟೈಡ್ ಎಂಬ ಗಂಧಕದ ಸಂಯುಕ್ತದ ಆ ಕೆಟ್ಟ ವಾಸನೆ. ಇನ್ನೊಂದು, ಲೆಡ್ ಓಡಿಸಿದ ಬ್ಯಾರಲ್ (ಎಕ್ಸ್‌ಟ್ರೂಡರ್‌ನಲ್ಲಿ ಮಾಲು ಕರಗುವ ಕೊಳವೆ) ಪೂರ್ತಿ ಕ್ಲೀನ್ ಮಾಡದೆ ಇದನ್ನು ಹಾಕಿದರೆ, ಇದರಲ್ಲಿರುವ ಗಂಧಕ ಲೆಡ್ ಜೊತೆ ಸೇರಿ ಲೆಡ್ ಸಲ್ಫೈಡ್ ಆಗಿ ಕಪ್ಪು ಕಲೆ ಬೀಳುತ್ತದೆ.

ಇನ್ನು ನನ್ನ ಮೆಚ್ಚಿನ ಕ್ಯಾಲ್ಸಿಯಂ-ಜಿಂಕ್. ಇದು ಬೆರೆಸಿದ ಪ್ಯಾಕ್ ಆಗಿ ಬರುತ್ತದೆ, ಎಲ್ಲ ಪ್ಯಾಕ್ ಒಂದೇ ಅಲ್ಲ. ಮೊದಲು ತಂದದ್ದು ಕಡಿಮೆ ರೇಟಿನದು. ಸ್ಯಾಂಪಲ್ ಎಷ್ಟು ಬೆಳ್ಳಗಿತ್ತೆಂದರೆ ಲೆಡ್ ಮಾಲು ಅದರ ಪಕ್ಕ ಮಂಕಾಗಿ ಕಾಣುತ್ತಿತ್ತು. ಲೈನ್ ಓಡುತ್ತಿರುವಷ್ಟು ಹೊತ್ತು ಎಲ್ಲ ಸರಿ. ಕಟರ್ ಬ್ಲೇಡ್ ಬದಲಿಸಲು ಸ್ವಲ್ಪ ನಿಲ್ಲಿಸಿದರೆ ಸಾಕು, ಡೈ ಒಳಗೆ ನಿಂತ ಮಾಲು ಹಳದಿಯಾಗಿ ಸೂಚನೆ ಕೊಡುವುದೂ ಇಲ್ಲ, ಒಮ್ಮೆಗೇ ಕಪ್ಪು. ಆಮೇಲೆ ಡೈ ಬಿಚ್ಚಿ ಕೆರೆಯುವುದೇ ಕೆಲಸ.

ಇದಕ್ಕೆ ಜಿಂಕ್ ಬರ್ನಿಂಗ್ ಅಂತಾರೆ. ಪಿವಿಸಿ ಕಾದಾಗ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಆ ಆಮ್ಲವೇ ರೆಸಿನ್ ಇನ್ನಷ್ಟು ಬೇಗ ಕೆಡುವಂತೆ ಮಾಡುತ್ತದೆ. ಪ್ಯಾಕ್‌ನಲ್ಲಿರುವ ಜಿಂಕ್ ಸ್ಟಿಯರೇಟ್ ಅದನ್ನು ಹಿಡಿದು ಜಿಂಕ್ ಕ್ಲೋರೈಡ್ ಆಗುತ್ತದೆ, ಕಷ್ಟ ಏನೆಂದರೆ ಈ ಜಿಂಕ್ ಕ್ಲೋರೈಡ್ ಸ್ವತಃ ರೆಸಿನ್ ಕೆಡಿಸುತ್ತದೆ. ಪ್ಯಾಕ್‌ನ ಕ್ಯಾಲ್ಸಿಯಂ ಸ್ಟಿಯರೇಟ್ ಆ ಕ್ಲೋರಿನ್ ತಾನು ತಗೊಂಡು ಜಿಂಕನ್ನು ಮತ್ತೆ ಕೆಲಸಕ್ಕೆ ಹಚ್ಚಬೇಕು. ಅದು ಖರ್ಚಾಗಿ ಹೋದರೆ ಮುಗೀತು. ಜಿಂಕ್ ಜಾಸ್ತಿ ಹಾಕಿದ ಪ್ಯಾಕ್ ಮೊದಲ ಬಣ್ಣಕ್ಕೆ ಚೆನ್ನ, ಅದಕ್ಕೇ ಬರೀ ಸ್ಯಾಂಪಲ್‌ನ ಬಿಳುಪು ನೋಡಿ ನಂಬಬಾರದು. ಸ್ಯಾಂಪಲ್ ಮಾಲಿನ ಪಟ್ಟಿಗಳನ್ನು 180 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿಟ್ಟು 10 ನಿಮಿಷಕ್ಕೊಂದರಂತೆ ಹೊರಗೆ ತೆಗೆದು ಸಾಲಾಗಿ ಜೋಡಿಸಿ. ಬಣ್ಣ ಮೆಲ್ಲಗೆ ತಿರುಗಿದರೆ ಪರವಾಗಿಲ್ಲ, ಬಿಳಿಯ ಪಕ್ಕದಲ್ಲೇ ಕಪ್ಪು ಬಂದರೆ ಬೇಡ.

ಈಗ ತರುವ ಪ್ಯಾಕ್‌ನಲ್ಲಿ ಹೈಡ್ರೋಟಾಲ್ಸೈಟ್ ಇದೆ, ಅದು ಆಮ್ಲ ಹೀರಿಕೊಳ್ಳುತ್ತದೆ. ಬೀಟಾ-ಡೈಕೀಟೋನ್ ಇರುವುದರಿಂದ ಜಿಂಕ್ ಕಡಿಮೆಯಿದ್ದರೂ ಬಿಳುಪು ಬರುತ್ತದೆ. ರೇಟು ಮೊದಲಿನದಕ್ಕಿಂತ ಜಾಸ್ತಿ, ಟಿನ್‌ಗಿಂತ ಕಮ್ಮಿ. ನನ್ನಲ್ಲಿ ಸೈಜ್ ಬದಲಿಸಲು ಲೈನ್ ಪದೇ ಪದೇ ನಿಲ್ಲುತ್ತದೆ, ಹಾಗಾಗಿ ಸ್ಕ್ರ್ಯಾಪ್ ಕಡಿಮೆಯಾಗಿ ಆ ಹೆಚ್ಚಿನ ದುಡ್ಡು ವಾಪಸ್ ಬರುತ್ತದೆ. ಒಂದೇ ಸೈಜ್ ಹಗಲೂ ರಾತ್ರಿ ಓಡಿಸುವವರಿಗೆ ಅಗ್ಗದ ಪ್ಯಾಕೇ ನಡೆದೀತು. ಪಾರದರ್ಶಕ ಮಾಲು ತೆಗೆಯುವವರು ವಾಸನೆ ಸಹಿಸಿಕೊಂಡು ಟಿನ್ ಹಾಕಿ.